ಕೆಳಗಿನ ಗೆರೆ

ಬೀದಿಯವರ ಬಾಯಲ್ಲಿ ಅವನು ಗುದ್ದಪ್ಪ. ಹೊಟ್ಟೆಪಾಡಿಗೆ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ. ಹರೆಯದಲ್ಲಿ ಬಾಕ್ಸಿಂಗ್ ಆಡಿ, ಗೆದ್ದದ್ದಕ್ಕಿಂತ ಹೆಚ್ಚು ಸಲ ಮೂಗು ಮುರಿಸಿಕೊಂಡಿದ್ದ. ಇವೆರಡು ಸಾಲದೆಂಬಂತೆ ಚೀನಾದ ಹುಚ್ಚು ಬೇರೆ. ಯಾರೋ ರಟ್ಟು ಹಾಕಿಸಲು ಕೊಟ್ಟುಹೋದ ಕಟ್ಟಿನಲ್ಲಿ ಚೀನಿ ಕುಂಚಬರಹ ಕಲಿಸುವ ಪುಸ್ತಕವೊಂದಿತ್ತು. ಪುಸ್ತಕದವರು ತಿರುಗಿ ಬರಲಿಲ್ಲ, ಹುಚ್ಚು ಮಾತ್ರ ಬಂದು ಮನೆಯಲ್ಲೇ ಕೂತಿತು. ಆ ದೇಶದ ಕಥೆ ಕಾದಂಬರಿಗಳ ಅನುವಾದ ಎಲ್ಲಿ ಸಿಕ್ಕರೂ ತಂದು, ಸಂಜೆ ಹೆಂಡತಿ ಬಟ್ಟೆ ಮಡಚುವಾಗ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಕೇಳುವುದು ಬಿಡುವುದು ಅವಳ ಇಷ್ಟ ಎನ್ನುತ್ತಿದ್ದ, ಆದರೆ ಅವಳು ಎದ್ದುಹೋದರೆ ಮುಖ ಊದಿಸಿಕೊಳ್ಳುತ್ತಿದ್ದ.

"ಗುದ್ದೋ ಕೈಗೆ ಕುಂಚ ಯಾಕಯ್ಯಾ?" ಎಂದು ಯಾರಾದರೂ ಕೆಣಕಿದರೆ ಅವನ ಉತ್ತರ ಸಿದ್ಧವಿತ್ತು. "ಎರಡಕ್ಕೂ ಒಂದೇ ಕಾನೂನು. ಹೊರಟ ಕೈ ವಾಪಸ್ ಬರಲ್ಲ."

ಇಂಥ ಅಪ್ಪನಿಗೆ ಮಗಳೊಬ್ಬಳು, ಅವಳೂ ಬಾಕ್ಸಿಂಗ್ ಆಡುವವಳು. ನೂಲಿನಂತೆ ಸೀರೆ. ಬೆಳಿಗ್ಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಗ್ಗ ಜಿಗಿದು, ಚೀಲಕ್ಕೆ ಗುದ್ದಿ ಮುಗಿಸಿದ ಮೇಲೆ, ಇಬ್ಬರೂ ಹಳೇ ಪೇಪರಿನ ಮೇಲೆ ಕುಂಚದಿಂದ ಒಂದೊಂದು ಅಡ್ಡಗೆರೆ ಎಳೆಯಬೇಕು. ಚೀನಿ ಬರಹದಲ್ಲಿ 'ಒಂದು' ಎಂದರೆ ಅಷ್ಟೇ, ಒಂದು ಅಡ್ಡಗೆರೆ. ಮೇಲಿನದು ಅಪ್ಪನದು, ಕೆಳಗಿನದು ಮಗಳದು. ಎಳೆದ ಗೆರೆಯನ್ನು ತಿದ್ದುವಂತಿಲ್ಲ. ಬೆವರಿಗೆ ಮಂಜಾಗುವ ಕನ್ನಡಕವನ್ನು ಅವನು ತೆಗೆದಿಟ್ಟೇ ಬರೆಯುವನು, ಮಸಿ ಒಣಗಿದ ಮೇಲೆ ಹಾಕಿಕೊಂಡು ನೋಡುವನು. ಕಣ್ಣು, ಬಾಯಿ ಸುಳ್ಳು ಹೇಳಬಹುದು, ಗೆರೆ ಹೇಳುವುದಿಲ್ಲ ಎಂಬುದು ಅವನ ನಂಬಿಕೆ. ಪೆಟ್ಟು ಬಿದ್ದರೂ ಎದುರಾಳಿಗೆ ತೋರಿಸಬಾರದೆಂದು ಮಗಳಿಗೆ ಕಲಿಸಿದವನೂ ಅವನೇ. ಅವಳು ಅದನ್ನು ತನ್ನ ಮೇಲೂ ಪ್ರಯೋಗಿಸಿಯಾಳೆಂಬ ಅಂಜಿಕೆ ಅವನಿಗಿತ್ತು.

ಭಾನುವಾರ ಅವಳ ದೊಡ್ಡ ಪಂದ್ಯ. ಆ ವಾರ ಅಭ್ಯಾಸದಲ್ಲಿ ಅವಳ ಕಿವಿಯ ಮೇಲೆ ಒಂದು ಪೆಟ್ಟು ಬಿತ್ತು. ಅವಳು ಮಂಡಿಯೂರಿ, ತಲೆ ಕೊಡವಿ, ನಕ್ಕು ಎದ್ದಳು. ಆ ನಗು ಅವನಿಗೆ ಒಂಚೂರೂ ಹಿಡಿಸಲಿಲ್ಲ. ಅಂದಿನಿಂದ ಅವಳ ಗೆರೆಯನ್ನು ಎರಡೆರಡು ಸಲ ನೋಡತೊಡಗಿದ.

ಆ ದಿನಗಳಲ್ಲಿ ಅಂಗಡಿಯ ಕೆಲಸವೂ ಕೈಗೆ ಹತ್ತುತ್ತಿರಲಿಲ್ಲ. ಯಾರದೋ ಪದಕೋಶದ ಅಂಚು ಕತ್ತರಿಸುವಾಗ ಓರೆಯಾಗಿ ಹೋಯಿತು. ಚಾಕು ಮೊಂಡಾಗಿದೆ ಎಂದು ಬೈದ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದಳು ಹೆಂಡತಿ. ಸಂಜೆ ಅವನು ಕಾದಂಬರಿ ತೆರೆದಾಗ, "ಆ ದೋಣಿಯವನು ಇನ್ನೂ ದಡ ಸೇರಿಲ್ವೇನ್ರೀ?" ಎಂದು ಇನ್ನೊಮ್ಮೆ ಕುಟುಕಿದಳು. "ಚೀನಾದ ನದಿ ಕಣೇ, ನಮ್ಮ ಬಚ್ಚಲು ನೀರಲ್ಲ," ಎಂದು ಅವನು ಓದತೊಡಗಿದ.

ಶುಕ್ರವಾರ ಬೆಳಿಗ್ಗೆ ಕನ್ನಡಕ ಏರಿಸಿ ಪೇಪರು ನೋಡಿದವನು ಅದನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದ. ಮೇಲಿನ ಗೆರೆ ನೆಟ್ಟಗಿತ್ತು. ಕೆಳಗಿನದು ಆರಂಭದಲ್ಲಿ ಸರಿಯಾಗಿದ್ದು, ನಡುವೆ ಸಣ್ಣಗೆ ನಡುಗಿ, ಕೊನೆಯಲ್ಲಿ ಕುಸಿದಿತ್ತು.

"ಭಾನುವಾರ ನೀನು ಆಡಲ್ಲ," ಎಂದ.

ಮಗಳು ಕೈಗೆ ಸುತ್ತಿದ ಪಟ್ಟಿ ಬಿಚ್ಚುತ್ತಿದ್ದಳು. "ಯಾಕಪ್ಪ?"

"ಕೂತ್ಕೋ. ಉದ್ದಗೈ ಅಂತ ನನ್ನ ಜೊತೆ ಆಡ್ತಿದ್ದ ಒಬ್ಬ. ತಲೆಗೆ ಎಷ್ಟು ಬಿದ್ರೂ ನಗ್ತಿದ್ದ. ಆಟ ಬಿಟ್ಟು ಎಷ್ಟೋ ವರ್ಷ ಆದ್ಮೇಲೆ ಮೊದಲು ಕೈ ನಡುಗೋಕೆ ಶುರುವಾಯ್ತು. ಅಂಗಿ ಗುಂಡಿ ಹಾಕೋಕಾಗದೆ ಗುಂಡಿನೇ ಬೈತಿದ್ದ. ಆಮೇಲೆ ಹೇಳಿದ ಮಾತು ಮರೆತ. ಕೊನೆಗೆ ನಾನು ಹೋದ್ರೆ, ಯಾರು ಬೇಕಾಗಿತ್ತು ಅಂತ ಕೇಳ್ದ. ನಂಗೆ ಆ ನಡುಕ ಗೊತ್ತು ಕಣಮ್ಮ. ನಿನ್ನ ಗೆರೇಲಿ ಅದೇ ಇದೆ."

ಮಗಳು ಎದ್ದು ಬಂದು ಪೇಪರು ನೋಡಿದಳು.

"ಅಪ್ಪ, ಮೇಲಿಂದು ನಂದು."

"ಮೇಲಿಂದು ಯಾವತ್ತೂ ನಂದೇ."

"ಇವತ್ತು ಅಲ್ಲ. 'ಒಲೆ ಮೇಲೆ ಅಂಟು ಇದೆ, ಇಳಿಸಿ ಬರ್ತೀನಿ, ನೀನು ಮೇಲೆ ಬರೆದುಬಿಡು' ಅಂತ ನೀನೇ ಅಂದೆಯಲ್ಲ. ಆಮೇಲೆ ನೀನು ಬಂದು ಕೆಳಗೆ ಬರೆದೆ. ನಾನು ಪಕ್ಕದಲ್ಲೇ ನಿಂತಿದ್ದೆ."

ಅಂಟು ಎಂದೊಡನೆ ಅವನು ಮೂಲೆಯ ಒಲೆಯತ್ತ ತಿರುಗಿದ. ಇಳಿಸಿಟ್ಟ ಅಂಟಿನ ಪಾತ್ರೆ ನೆಲದ ಮೇಲೆ ಇನ್ನೂ ಹಬೆಯಾಡುತ್ತಿತ್ತು. ಅದನ್ನು ತಾನು ಇಳಿಸಿದ್ದು ಎಷ್ಟು ಹುಡುಕಿದರೂ ನೆನಪಿನಲ್ಲಿರಲಿಲ್ಲ. ಪಾಪ, ಮಗಳನ್ನು ಹೆದರಿಸಲೆಂದು ತನ್ನ ಭವಿಷ್ಯವನ್ನು ತಾನೇ ಚಾಚೂ ತಪ್ಪದೆ ಹೇಳಿ ಮುಗಿಸಿದ್ದ. ಅದರಲ್ಲಿ ಒಂದು ಮಾತನ್ನೂ ಈಗ ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಅವನಿಗೆ ಭಯವಾಯಿತು, ಯಾವ ಎದುರಾಳಿಯ ಮುಂದೆಯೂ ಆಗದಿದ್ದಷ್ಟು ಭಯವಾಯಿತು.

ಆದರೂ ಹುಟ್ಟುಗುಣ ಸುಟ್ಟರೂ ಹೋಗದು. ಬಲಗೈಯನ್ನು ಮೆಲ್ಲಗೆ ಕಂಕುಳಿಗೆ ಸೇರಿಸಿಕೊಂಡು ನಕ್ಕ. "ನಿಮ್ಮಮ್ಮನಿಗೆ ಹೇಳೋದು ಬೇಡ."

"ಇದು ನನ್ನ ಗೆರೆ ಆಗಿದ್ರೆ ನೀನು ಸುಮ್ನಿರ್ತಿದ್ಯಾ?" ಎಂದಳು ಮಗಳು. ಉತ್ತರಕ್ಕೆ ಕಾಯದೆ ಒಳಬಾಗಿಲ ಕಡೆ ತಿರುಗಿ ಅಮ್ಮನನ್ನು ಕರೆದಳು.

ತಾಯಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ಮಗಳು ಪೇಪರು ತೋರಿಸಿ, ಅಂಟಿನ ವಿಷಯ ಹೇಳಿದಳು. ಅವಳು ಗೆರೆಯನ್ನು ನೋಡಲೇ ಇಲ್ಲ, ಗಂಡನ ಮುಖವನ್ನೇ ನೋಡಿದಳು.

"ನಾಲ್ಕೈದು ಸಂಜೆಯಿಂದ ಒಂದೇ ಅಧ್ಯಾಯ ಓದ್ತಿದೀರಿ," ಎಂದಳು. "ಇಷ್ಟ ಆಗಿದೆಯೇನೋ, ಓದಲಿ ಅಂತ ನಾನೂ ಕೇಳ್ತಾ ಇದ್ದೆ."

ಅವನು ಬಾಯಿ ತೆರೆದ. ದೋಣಿಯವನು ನದಿಯ ನಡುವೆ ಹುಟ್ಟು ಹಾಕುತ್ತಿರುವುದು ಅವನ ಕಣ್ಣಿಗೆ ಕಟ್ಟಿದಂತಿತ್ತು. ಅದರ ಮುಂದೇನೆಂದು ಎಷ್ಟು ತಡಕಿದರೂ ಸಿಗಲಿಲ್ಲ.