ಜ್ವರಕ್ಕೆ ಕೂತ ಹುಳಗಳಿಗೆ ನಾನು ಬಡಿಸಿದ ಊಟ

ಇವತ್ತು ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಫೋನ್ ನೋಡುವ ಪಾಪ ಮಾಡಿದೆ. ನಮ್ಮ ಚರ್ಚಿನ ಸಭೆಯ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂದಿತ್ತು. ಬಿದಿರಿನ ತಟ್ಟೆಯ ತುಂಬ ರೇಷ್ಮೆ ಹುಳಗಳು, ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿವೆ. ಸುತ್ತಲೂ ಯಾರೋ ಗುಲಾಬಿ ಹೂವಿನ ಚೌಕಟ್ಟು ಹಾಕಿದ್ದಾರೆ, ಮೂಲೆಯಲ್ಲಿ ಎರಡು ಮೇಣದಬತ್ತಿ, ಒಂದು ಪಾರಿವಾಳ. ಕೆಳಗೆ, ಉಪವಾಸ ಮಾಡುವ ಹುಳ ನಮಗೆ ಕಲಿಸುವ ಪಾಠ ಅಂತ ಉದ್ದನೆಯ ಬರಹ. ಬರೆದವರು ಯಾರೋ ದೇವಭಕ್ತರಂತೆ. ನಾಲ್ಕು ಸಾಲು ಓದುವಷ್ಟರಲ್ಲಿ ಈ ದೇವಭಕ್ತರನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ನೋಡದೆ ಏನು, ದಿನಾ ಕನ್ನಡಿಯಲ್ಲಿ ನೋಡುತ್ತೇನೆ.

ಏಳು ವರ್ಷದ ಹಿಂದೆ ನಾನು ಬರೆದದ್ದು ಊರೂರು ಸುತ್ತಿ, ನನ್ನ ಹೆಸರನ್ನು ದಾರಿಯಲ್ಲಿ ಎಲ್ಲೋ ಬೀಳಿಸಿಕೊಂಡು, ವಾಪಸ್ಸು ನನಗೇ ಬಂದಿದೆ. ಹೆಸರು ಬಿದ್ದದ್ದಕ್ಕೆ ನನಗೆ ಬೇಸರವಿಲ್ಲ. ಬೇಸರ ಬೇರೆಯದಕ್ಕೆ. ಅದನ್ನೇ ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ಆಗ ನಾನು ಮುಳಬಾಗಿಲು ಕಡೆಯ ಈ ಹಳ್ಳಿಯಲ್ಲಿ ಮೇಷ್ಟ್ರ ಕೆಲಸದಿಂದ ಹೊಸದಾಗಿ ನಿವೃತ್ತನಾಗಿದ್ದೆ. ನಲವತ್ತು ಮಕ್ಕಳಿಗೆ ಪಾಠ ಹೇಳಿ ಅಭ್ಯಾಸವಾದ ಬಾಯಿ ಸುಮ್ಮನಿರುತ್ತದೆಯೇ? ಸಭೆಯ ಗುಂಪಿಗೆ ದಿನಕ್ಕೊಂದರಂತೆ ‘ಇಂದಿನ ಪಾಠ’ ಬರೆಯುವ ಸೇವೆಯನ್ನು ನನ್ನ ಮೇಲೆ ನಾನೇ ಹಾಕಿಕೊಂಡೆ. ಯಾರೂ ಕೇಳಿರಲಿಲ್ಲ. ದೇವರು ಕಣ್ಣಮುಂದಿನ ಸಣ್ಣಪುಟ್ಟ ವಸ್ತುಗಳ ಮೂಲಕ ಮಾತಾಡುತ್ತಾನೆ ಎಂಬುದು ನನ್ನ ಸಿದ್ಧಾಂತ. ಅವನು ಮಾತಾಡದಿದ್ದ ದಿನ ಅವನ ಪರವಾಗಿ ನಾನೇ ಮಾತಾಡುತ್ತಿದ್ದೆ. ಸ್ಕೂಟರ್ ಪಂಕ್ಚರ್ ಆದರೆ ಪ್ರಾರ್ಥನೆಯಿಲ್ಲದ ಜೀವನದ ಪಾಠ. ಗ್ಯಾಸ್ ಮುಗಿದರೆ ಎಣ್ಣೆಯಿಲ್ಲದ ದೀಪದ ಪಾಠ. ಟೊಮ್ಯಾಟೊ ಕೊಳೆತರೆ ಕಪಟಭಕ್ತಿಯ ಪಾಠ. ಒಮ್ಮೆ ಮಾಲೂರಿಗೆ ಮದುವೆಗೆ ಹೋದವನು ಶಿವಾರಪಟ್ಟಣದಲ್ಲಿ ಒಬ್ಬ ಶಿಲ್ಪಿ ಕಲ್ಲಿಗೆ ಉಳಿ ಹೊಡೆಯುವುದನ್ನು ನೋಡಿದೆ. ದೇವರು ಕಷ್ಟಗಳಿಂದ ನಮ್ಮನ್ನು ಕೆತ್ತಿ ರೂಪ ಕೊಡುತ್ತಾನೆ ಎಂದು ಕಣ್ಣೀರು ಬರುವ ಹಾಗೆ ಬರೆದೆ. ಆತ ಕೆತ್ತುತ್ತಿದ್ದುದು ಗಣೇಶನನ್ನು ಎಂಬ ವಿಷಯವನ್ನು ಮಾತ್ರ ಸಭೆಯ ಹಿತದೃಷ್ಟಿಯಿಂದ ಬಿಟ್ಟೆ.

ನನ್ನ ಹೆಂಡತಿ ಸುಗುಣ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅವಳಿಗೆ ಪಾಠ ಬರೆಯಲು ಪುರುಸೊತ್ತಿರಲಿಲ್ಲ, ಓದಲು ಇಷ್ಟವಿರಲಿಲ್ಲ. “ಈ ಮನೇಲಿ ಹಾಲು ಉಕ್ಕಿದ್ರೆ ಯಾರೂ ಒಲೆ ಆರಿಸಲ್ಲ. ಅದರಿಂದ ಏನು ಕಲೀಬೇಕು ಅಂತ ಬರೆದು ಮುಗಿಸಿದ ಮೇಲೆ ಆರಿಸ್ತಾರೆ” ಎಂದು ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು. ಅದು ಅಪಪ್ರಚಾರ. ಹಾಗಾದದ್ದು ಎರಡೇ ಸಲ.

ಅಕ್ಕಪಕ್ಕದವರು ಅಂದರೆ ಮುಖ್ಯವಾಗಿ ನಾರಾಯಣಮ್ಮ. ನಮ್ಮ ಮನೆಗೂ ಅವರ ಹುಳದ ಮನೆಗೂ ನಡುವೆ ಒಂದು ಗೋಡೆ. ಅವರ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು, ಒಬ್ಬಳೇ ಮಗಳು ಮದುವೆಯಾಗಿ ಶ್ರೀನಿವಾಸಪುರದಲ್ಲಿದ್ದಳು. ಹಿಪ್ಪುನೇರಳೆ ತೋಟ ಅವರದ್ದೂ ಅವರ ಮೈದುನ ಕೃಷ್ಣಪ್ಪನದ್ದೂ ಜಂಟಿ. ಕೃಷ್ಣಪ್ಪ ಕೆಟ್ಟವನಲ್ಲ, ಲೆಕ್ಕಾಚಾರದವನು. ಒಂಟಿ ಹೆಂಗಸಿಗೆ ಈ ಹುಳದ ಚಾಕರಿ ಆಗುವುದಿಲ್ಲ, ಎಲ್ಲಾ ಕಿತ್ತು ಮಾವು ನೆಟ್ಟರೆ ವರ್ಷಕ್ಕೊಂದು ಸಲ ಕೆಲಸ, ಎಂಬುದು ಅವನ ವಾದ. ಊರಿನ ನಾಲ್ಕು ಜನ ಹೇಳಿದ ಮೇಲೆ ಎರಡು ಬೆಳೆ ನೋಡೋಣ ಅಂತ ಒಪ್ಪಿದ್ದ. ಎರಡೂ ಸರಿಯಾಗಿ ಬಂದರೆ ತೋಟ ಅತ್ತಿಗೆಯ ಕೈಯಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ಕೀಳುವುದು. ಮೊದಲನೆಯದು ಚೆನ್ನಾಗಿಯೇ ಬಂತು. ನಾನು ಹೇಳುತ್ತಿರುವುದು ಎರಡನೆಯದರ ಕತೆ.

ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಚರ್ಮ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಹುಳ ಜ್ವರಕ್ಕೆ ಕೂತರೆ ಒಂದು ದಿನಕ್ಕೂ ಮೇಲೆ ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ, ತಲೆ ಎತ್ತಿಕೊಂಡು ಹಾಗೇ ಇರುತ್ತದೆ. ನಾಲ್ಕನೇ ಜ್ವರದ ದಿನವೇ ಕುಪ್ಪಂನಲ್ಲಿ ನಾರಾಯಣಮ್ಮನ ಸೋದರತ್ತೆ ಹೋಗಿಬಿಟ್ಟರು. ಮಣ್ಣಿಗೆ ಹೋಗದೆ ಇರುವ ಹಾಗಿಲ್ಲ. ಬಸ್ಸಿಗೆ ಹೊರಟವರು ನಮ್ಮ ಬಾಗಿಲಲ್ಲಿ ನಿಂತರು.

“ಮೇಷ್ಟ್ರೇ, ಹುಳ ನಾಳೆ ಏಳ್ತವೆ. ಮುಂಚೆ ಎದ್ದವು ಸೊಪ್ಪಿಗೆ ಹುಡುಕಾಡ್ತವೆ, ನೋಡೋಕೆ ಪಾಪ ಅನ್ಸುತ್ತೆ. ಏನಾದ್ರೂ ಆಗ್ಲಿ, ಹಾಕ್ಬೇಡಿ. ಇನ್ನೂ ಜ್ವರದಲ್ಲಿರೋವು ಸೊಪ್ಪಿನ ಕೆಳಗೆ ಸಿಕ್ಕಿ ಸಾಯ್ತವೆ. ಎಲ್ಲಾ ಎದ್ದ ಮೇಲೆ ಒಟ್ಟಿಗೆ ಹಾಕೋದು. ನಾಳೆ ಮೂರು ಗಂಟೆಗೆ ನಾನು ಬಂದ್ಬಿಡ್ತೀನಿ. ಇಲಿ, ಇರುವೆ ಬರದ ಹಾಗೆ ನೋಡ್ಕೊಳ್ಳಿ, ಸಾಕು.”

ಒಂದನೇ ಕ್ಲಾಸಿನ ಮಗುವಿಗೂ ಅರ್ಥವಾಗುವ ಮಾತು. ನಾನು ಒಂದನೇ ಕ್ಲಾಸು ದಾಟಿ ಬಹಳ ದೂರ ಬಂದಿದ್ದೆ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಹಿಡಿದು ಹುಳದ ಮನೆಗೆ ಹೋದೆ. ಅವು ಲೆಂಟ್ ದಿನಗಳು, ನಲವತ್ತು ದಿನದ ಉಪವಾಸ ಕಾಲ, ನನ್ನ ಪಾಠಗಳಿಗೆ ಸುಗ್ಗಿ. ಒಳಗೆ ಹೋಗಿ ನೋಡಿದರೆ ತಟ್ಟೆ ತಟ್ಟೆಗಳಲ್ಲಿ ಸಾವಿರಾರು ಹುಳ, ಎಲ್ಲವೂ ಉಪವಾಸ, ಎಲ್ಲವೂ ತಲೆ ಮೇಲೆತ್ತಿ ಮೌನ. ನನ್ನ ಮೈ ಜುಮ್ಮೆಂದಿತು. ನಮ್ಮ ಸಭೆಯಲ್ಲಿ ಇಂಥ ಶಿಸ್ತು ನಾನು ಕಂಡವನಲ್ಲ. ಫೋಟೋ ತೆಗೆದೆ, ಅಲ್ಲೇ ನಿಂತು ಬರೆದೆ, ಕಳಿಸಿದೆ. ಆಮೆನ್‌ಗಳು ಸುರಿದವು. ಬೆಂಗಳೂರಿನಿಂದ ಒಬ್ಬ ಬಂಧು, ನಿಮಗೆ ದೇವರು ವಿಶೇಷ ಕಣ್ಣು ಕೊಟ್ಟಿದ್ದಾನೆ, ಅಂತ ಬರೆದರು. ಅಲ್ಲಿಗೆ ಮನೆಗೆ ಹೋಗಿದ್ದರೆ ಈ ಕತೆ ಇರುತ್ತಿರಲಿಲ್ಲ.

ಹನ್ನೊಂದು ಗಂಟೆ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಹುಳ ಎದ್ದವು. ತಟ್ಟೆಯ ಅಂಚಿಗೆ ಬಂದು ಮೂತಿ ಆಡಿಸುತ್ತಾ ಹುಡುಕತೊಡಗಿದವು. ನಾರಾಯಣಮ್ಮ ಹೇಳಿದ ಹಾಗೆಯೇ. ಆದರೆ ವಿಶೇಷ ಕಣ್ಣಿನವನಿಗೆ ಕಂಡದ್ದೇ ಬೇರೆ. ಉಪವಾಸ ಮುಗಿಸಿದ ಹಸಿದ ಜೀವಗಳು, ಎದುರಿಗೆ ಬುಟ್ಟಿ ತುಂಬ ಸೊಪ್ಪು, ನಡುವೆ ಕಲ್ಲೆದೆಯವನ ಹಾಗೆ ನಿಂತ ನಾನು. ಹಸಿದವರಿಗೆ ಉಣಿಸುವ ಬಗ್ಗೆ ನಾಳೆಯ ಪಾಠ ತಾನಾಗಿ ತಲೆಯಲ್ಲಿ ಹೆಣೆದುಕೊಳ್ಳುತ್ತಿತ್ತು. ಪಾಠಕ್ಕೆ ಒಂದು ಕೊನೆ ಬೇಕಲ್ಲ. ಸೊಪ್ಪು ತೆಗೆದುಕೊಂಡೆ. ಧೂಳಿದೆ ಅನ್ನಿಸಿ, ಮನೆಯಲ್ಲಿ ಕೊತ್ತಂಬರಿ ಸೊಪ್ಪು ತೊಳೆಯುವ ಹಾಗೆ ಎರಡು ನೀರಿನಲ್ಲಿ ತೊಳೆದೆ. ಹುಳಕ್ಕೆ ಒದ್ದೆ ಸೊಪ್ಪು ಹಾಕಬಾರದು ಎಂಬುದು ಈ ತಾಲ್ಲೂಕಿನಲ್ಲಿ ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತು. ಎಲ್ಲಾ ತಟ್ಟೆಗಳಿಗೂ ಧಾರಾಳವಾಗಿ ಬಡಿಸಿದೆ. ಎದ್ದಿದ್ದ ಹತ್ತಿಪ್ಪತ್ತು ಹುಳಗಳು ತಿಂದವು. ಜ್ವರದಲ್ಲಿದ್ದ ಸಾವಿರಾರು ಹುಳಗಳ ಮೇಲೆ ಒದ್ದೆ ಸೊಪ್ಪಿನ ಹೊದಿಕೆ ಬಿತ್ತು. ಅದರ ಫೋಟೋ ಕೂಡ ತೆಗೆದುಕೊಂಡೆ.

ಮೂರು ಗಂಟೆಗೆ ನಾರಾಯಣಮ್ಮ ಬಂದರು. ಸಾವಿನ ಮನೆಯಿಂದ ಬಂದವರು ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಹುಳದ ಮನೆಗೆ ಹೋದರು. ಅವರಿಗೆ ಸಿಟ್ಟು ಬಂದರೆ ಕನ್ನಡ ಹೋಗಿ ತೆಲುಗು ಬರುತ್ತದೆ.

“ಆಕು ಎವರು ಏಸಿಂದಿ?”

ಸೊಪ್ಪು ಹಾಕಿದ್ದು ಯಾರು ಅಂತ. ಗೋಡೆಯಾಚೆಯಿಂದ ಕೇಳಿಸಿತು. ಹೋದೆ. ಅವರು ಸೊಪ್ಪನ್ನು ಒಂದೊಂದೇ ಎಲೆಯಾಗಿ ಎತ್ತುತ್ತಿದ್ದರು.

“ಹಾಕಿದಾಗ ಎಲ್ಲಾ ಎದ್ದಿದ್ವಾ ಮೇಷ್ಟ್ರೇ?”

“ಎದ್ದಿದ್ವಮ್ಮ,” ಅಂದೆ. “ಹೆಚ್ಚು ಕಮ್ಮಿ ಎಲ್ಲಾ ಎದ್ದಿದ್ವು.”

ಬೈಬಲಿನಲ್ಲಿ ಯೇಸುವಿನ ಶಿಷ್ಯ ಸುಳ್ಳು ಹೇಳಿದ ಕೂಡಲೇ ಕೋಳಿ ಕೂಗಿದ ಹಾಗೆ ಆಗಲೂ ಕೋಳಿ ಕೂಗಿತಾ ಅಂತ ನನ್ನ ಸಭೆಯವರು ಕೇಳಬಹುದು. ಇಲ್ಲ. ಮಧ್ಯಾಹ್ನ ಮೂರು ಗಂಟೆಗೆ ಕೋಳಿ ಯಾಕೆ ಕೂಗುತ್ತದೆ, ತಿಪ್ಪೆ ಕೆದಕುತ್ತಿತ್ತು.

ಮರುದಿನ ಬೆಳಿಗ್ಗೆ ಗುಂಪಿಗೆ ಕಳಿಸಿದ ಪಾಠದ ವಿಷಯ, ನಂಬಿದರೆ ನಂಬಿ, ಸತ್ಯ ನುಡಿಯುವುದು. ಅದಕ್ಕೆ ಆಮೆನ್‌ಗಳು ಹುಳದ ಪಾಠಕ್ಕಿಂತಲೂ ಹೆಚ್ಚು.

ಆಮೇಲಿನ ಒಂದು ವಾರ ಸುಗುಣ ಅಂಗನವಾಡಿ ಮುಗಿಸಿ ನೇರವಾಗಿ ಆ ಮನೆಗೆ ಹೋಗುತ್ತಿದ್ದಳು. ಬೆಳವಣಿಗೆಯಲ್ಲಿ ಮುಂದೆ ಹೋದ ಹುಳ ಬೇರೆ, ಹಿಂದೆ ಉಳಿದದ್ದು ಬೇರೆ, ಸತ್ತದ್ದು ಬೇರೆ, ಇಬ್ಬರೂ ಹೆಂಗಸರು ಕೂತು ಕೈಯಿಂದ ಆರಿಸುತ್ತಿದ್ದರು. ನಾನೂ ಹೋದೆ. ಬರಿಗೈಯಲ್ಲಿ ಹೋಗುವುದು ಹೇಗೆ ಅಂತ ಸಮಾಧಾನದ ನಾಲ್ಕು ಮಾತು ಸಿದ್ಧ ಮಾಡಿಕೊಂಡಿದ್ದೆ. ನಷ್ಟದಲ್ಲೂ ದೇವರಿಗೆ ಒಂದು ಉದ್ದೇಶ ಇರುತ್ತೆ ಅಂತ ಶುರು ಮಾಡಿದೆ. ನಾರಾಯಣಮ್ಮ ತಲೆಯೆತ್ತಲಿಲ್ಲ.

“ನಿಮ್ ಯೇಸಪ್ಪನ ವಿಷಯ ಆಮೇಲೆ ಹೇಳಿ. ಮೊದಲು ಈ ತಟ್ಟೆ ಹಿಡ್ಕೊಳ್ಳಿ.”

ಹಿಡಿದುಕೊಂಡೆ. ಸುಗುಣ ನನ್ನ ಕಡೆ ನೋಡಲೇ ಇಲ್ಲ. ಸತ್ತ ಹುಳ ಆರಿಸುತ್ತಾ ಅವಳ ಬೆರಳುಗಳಿಗೆ ಎಲ್ಲಾ ಗೊತ್ತಾಗಿತ್ತು. ಮನೆಗೆ ಬಂದ ಮೇಲೆ ಒಂದೇ ಮಾತು ಅಂದಳು: “ಹೇಳೋದಿದ್ರೆ ನೀವೇ ಹೇಳ್ಬೇಕು. ನಾನು ಹೇಳಲ್ಲ.”

ಹುಳಗಳು ಗೂಡು ಕಟ್ಟಿದವು, ಅರ್ಧಕ್ಕರ್ಧ. ಗೂಡು ಬಿಡಿಸುವ ದಿನ ಕೃಷ್ಣಪ್ಪ ಬಂದ. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ಖಾಲಿ ಇರುವುದನ್ನೂ ಅರ್ಧ ತುಂಬಿದ ಬುಟ್ಟಿಯನ್ನೂ ನೋಡಿದ. ಆ ಬುಟ್ಟಿ ನನ್ನ ಕೈಯಲ್ಲೇ ಇತ್ತು.

“ಏನಾಯ್ತು ಅತ್ತಿಗೆ?”

ನಾರಾಯಣಮ್ಮ ನನ್ನನ್ನು ನೋಡಿದರು. ಬೈಯುವ ನೋಟವಲ್ಲ, ಕಾಯುವ ನೋಟ. ಆಮೇಲೆ ಅವರೇ ಹೇಳಿದರು.

“ಜ್ವರದಲ್ಲಿ ಸೊಪ್ಪು ಹಾಕ್ಬಿಟ್ಟೆ ಕೃಷ್ಣಪ್ಪ. ನಂದೇ ತಪ್ಪು.”

ಯಾಕೆ ಹಾಗೆ ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಗೊತ್ತಿರುವುದು ಇಷ್ಟು. ಯೇಸುವಿನ ಹಾಗೆ ಇನ್ನೊಬ್ಬರ ತಪ್ಪನ್ನು ತನ್ನ ಮೇಲೆ ಹೊತ್ತುಕೊಳ್ಳುವುದರ ಬಗ್ಗೆ ಆ ಲೆಂಟ್ ಪೂರ್ತಿ ನಾನು ಬರೆದಿದ್ದೆ. ಅದಕ್ಕೆ ಉದಾಹರಣೆ ಹುಡುಕಿ ಪಂಕ್ಚರ್ ಅಂಗಡಿಯನ್ನೂ ಬಿಟ್ಟಿರಲಿಲ್ಲ. ನನ್ನ ನಂಬಿಕೆಯ ಬೇರಿನಂಥ ಸಂಗತಿ ಮೂರು ಅಡಿ ದೂರದಲ್ಲಿ, ನನ್ನದೇ ತಪ್ಪಿಗಾಗಿ, ನಡೆದಾಗ ನಾನು ಮಾಡಿದ್ದೇನು? ಬುಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ. ನನಗೆ ನಾಚಿಕೆಯಾಯಿತು, ಆದರೆ ಬಾಯಿ ಬಿಡುವಷ್ಟು ಆಗಲಿಲ್ಲ.

ಊರವರು ಮತ್ತೆ ಮಾತಾಡಿ ಅರ್ಧ ತೋಟ ಉಳಿಸಿದರು. ಇನ್ನರ್ಧ ಕಿತ್ತು ಕೃಷ್ಣಪ್ಪ ಮಾವು ನೆಟ್ಟ. ಆ ಮಾವು ಈಗ ಫಲ ಬಿಟ್ಟಿದೆ. ಪ್ರತಿ ಬೇಸಿಗೆ ಮೇಷ್ಟ್ರಿಗೆ ಅಂತ ಒಂದು ಬುಟ್ಟಿ ಕಳಿಸುತ್ತಾನೆ, ನಾನು ತಿನ್ನುತ್ತೇನೆ, ಬಹಳ ಸಿಹಿ. ಮೊದಲು ಹುಳ ಸಾಕುವ ಹೆಂಗಸರು ಏನಾದರೂ ಕೇಳಬೇಕಿದ್ದರೆ ನಾರಾಯಣಮ್ಮನ ಹತ್ತಿರ ಬರುತ್ತಿದ್ದರು. ಆ ಬೆಳೆಯ ನಂತರ ಬರುವುದು ನಿಂತಿತು. ಜ್ವರದಲ್ಲಿ ಸೊಪ್ಪು ಹಾಕಿದವಳನ್ನು ಯಾರು ಕೇಳುತ್ತಾರೆ? ಏಳು ವರ್ಷದಲ್ಲಿ ಆ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಮೊನ್ನೆ ಕೃಷ್ಣಪ್ಪ ಉಳಿದರ್ಧವನ್ನೂ ಕೀಳಿಸಬೇಕು ಅಂತ ಹೊರಟಾಗ ಆಡಿದ್ದೂ ಅದೇ ಮಾತು.

ಇದೆಲ್ಲಾ ಗೊತ್ತಿದ್ದೂ ನಾನು ನೆಮ್ಮದಿಯಾಗಿ ಇದ್ದೆ. ಮನುಷ್ಯನಿಗೆ ಏನು ಬೇಕಾದರೂ ಅಭ್ಯಾಸವಾಗುತ್ತದೆ. ಇವತ್ತು ಬೆಳಿಗ್ಗೆ ಆ ಫೋಟೋವನ್ನು ಬೆರಳಿನಲ್ಲಿ ದೊಡ್ಡದು ಮಾಡಿ ನೋಡಿದೆ. ಗುಲಾಬಿ ಹೂಗಳ ನಡುವೆ ಸಾವಿರಾರು ಹುಳ, ಒಂದೂ ಎದ್ದಿಲ್ಲ. ಎರಡು ಗಂಟೆಯಲ್ಲಿ ಹೆಚ್ಚು ಕಮ್ಮಿ ಎಲ್ಲಾ ಏಳುವುದು ಯಾವ ಊರಲ್ಲೂ ಇಲ್ಲ. ನಾನು ಗೊತ್ತಿಲ್ಲದೆ ತಪ್ಪು ಹೇಳಿದವನಲ್ಲ, ಗೊತ್ತಿದ್ದೇ ಸುಳ್ಳು ಹೇಳಿದವನು. ಕೆಳಗೆ ಆಮೆನ್‌ಗಳು ಆಗಲೇ ಬರುತ್ತಿದ್ದವು. ಫೋನ್ ಇಟ್ಟು ಶರ್ಟು ಹಾಕಿಕೊಂಡೆ. ಸುಗುಣ ಎಲ್ಲಿಗೆ ಅಂದಳು. ಡೈರಿಗೆ ಅಂದೆ. ಹಾಲಿನ ಪಾತ್ರೆ ತಗೊಳ್ಳಲಿಲ್ಲವಲ್ಲ ಅಂತ ಅವಳು ಕೇಳಲಿಲ್ಲ.

ಬೆಳಗಿನ ಹೊತ್ತು ಡೈರಿಯಲ್ಲಿ ಅರ್ಧ ಊರು ಇರುತ್ತದೆ. ಕೃಷ್ಣಪ್ಪ ಮುಂದೆ ನಿಂತಿದ್ದ, ನಾರಾಯಣಮ್ಮ ನಾಲ್ಕು ಜನರ ಹಿಂದೆ, ಕ್ಯಾನು ಹಿಡಿದುಕೊಂಡು. ಮೂವತ್ತು ವರ್ಷ ಗಂಟಲು ಹರಿಯುವ ಹಾಗೆ ಪಾಠ ಹೇಳಿದವನು ಸಾಲು ದಾಟಿ ಕೃಷ್ಣಪ್ಪನ ಎದುರಿಗೆ ಹೋಗಿ ನಿಂತೆ.

“ಕೃಷ್ಣಪ್ಪ, ಆವತ್ತು ಜ್ವರದಲ್ಲಿ ಸೊಪ್ಪು ಹಾಕಿದ್ದು ನಿಮ್ಮತ್ತಿಗೆ ಅಲ್ಲ, ನಾನು. ಅವರು ಕುಪ್ಪಂಗೆ ಹೋಗಿದ್ರು. ಹಾಕ್ಬೇಡಿ ಅಂತ ಹೇಳಿಯೇ ಹೋಗಿದ್ರು. ನಾನು ಹಾಕ್ದೆ. ಎಲ್ಲಾ ಎದ್ದಿದ್ವು ಅಂತ ಸುಳ್ಳೂ ಹೇಳ್ದೆ. ತೊಳೆದು ಬೇರೆ ಹಾಕಿದ್ದೆ.”

ಹಿಂದಿನಿಂದ ಯಾರೋ “ತೊಳೆದ್ರಾ ಮೇಷ್ಟ್ರೇ?” ಅಂದರು, ಎಲ್ಲರೂ ನಕ್ಕರು. ಹಾಲು ಅಳೆಯುವವನು ಅಳತೆ ಬಿಟ್ಟು ನಕ್ಕ. ಕೃಷ್ಣಪ್ಪ ನಗಲಿಲ್ಲ. ಅತ್ತಿಗೆಯ ಕಡೆ ತಿರುಗಿ ನೋಡಿದ, ಏನೋ ಹೇಳಲು ಹೋಗಿ ತಲೆ ತಗ್ಗಿಸಿದ. ಅವರಿಗೆ ಮುಂದೆ ಬರಲು ದಾರಿ ಬಿಟ್ಟ.

ನಾರಾಯಣಮ್ಮ ಹಾಲು ಹಾಕಿದರು, ಕ್ಯಾನಿನ ಮುಚ್ಚಳ ಹಾಕಿದರು. ನನ್ನ ಪಕ್ಕ ಬಂದಾಗ ನಿಂತರು. ಸಿಟ್ಟಿರಲಿಲ್ಲ, ಕನ್ನಡದಲ್ಲೇ ಹೇಳಿದರು.

“ಇದನ್ನ ಆವತ್ತೇ ಹೇಳಿದ್ದಿದ್ರೆ ಇನ್ನರ್ಧ ತೋಟಾನೂ ಉಳೀತಿತ್ತು ಮೇಷ್ಟ್ರೇ.”

“ಹೌದಮ್ಮ,” ಅಂದೆ. ಅದಕ್ಕೆ ಮುಂದೆ ಒಂದು ಮಾತೂ ಸೇರಿಸಲಿಲ್ಲ.