ಹಳದಿ ಕಲೆಯನ್ನು ಓದಿದ ನೊರೀನ್

ಬೆಳಗಿನ ಐದು ಗಂಟೆ. ಟಿನ್‌ಡಲ್ ಕ್ರೀಕ್ ಆಸ್ಪತ್ರೆಯ ಹಿಂಬದಿಯ ಒಗೆಯುವ ಕೋಣೆಯಲ್ಲಿ ನೊರೀನ್ ಬಾಸ್ಕಂಬ್ ಒಂದೊಂದೇ ಹಾಸಿಗೆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ಯಂತ್ರಕ್ಕೆ ಹಾಕುತ್ತಾರೆ. ವಯಸ್ಸು ಅರವತ್ತಮೂರು. ದಿನಕ್ಕೆ ನಾನೂರು ಬಟ್ಟೆ. "ಕಲೆ ನೋಡದೆ ಒಗೆದ್ರೆ ಅದು ಕೆಲಸ ಅಲ್ಲ, ನೀರಾಟ," ಎನ್ನುತ್ತಾರೆ.

ಇದಕ್ಕೆ ಮುಂಚೆ ಹತ್ತೊಂಬತ್ತು ವರ್ಷ ಊರಾಚೆಯ ಯುರೇನಿಯಂ ಗಣಿಯಲ್ಲಿ ಕಾರ್ಮಿಕರ ಮೇಲಂಗಿ ಒಗೆದವರು. ವಿಕಿರಣ ಅಳೆಯುವ ಬ್ಯಾಡ್ಜು ಎದೆಯ ಮೇಲಿದ್ದರೆ ಅದರಡಿಯ ಬಟ್ಟೆಗೆ ಯುರೇನಿಯಂನ ಹಳದಿ ಪುಡಿ ಹತ್ತುವುದಿಲ್ಲ. ಬೆಂಕಿಪೊಟ್ಟಣದಷ್ಟು ಜಾಗ ಬೆಳ್ಳಗೆ ಉಳಿಯುತ್ತದೆ. ಪುಡಿ ಒಣಗಿಸುವ ಕೊಠಡಿಯಲ್ಲಿ ದುರಸ್ತಿ ನಡೆದ ದಿನಗಳಲ್ಲೆಲ್ಲ ಆ ಬಿಳಿ ಜಾಗ ಕಾಣುತ್ತಿರಲಿಲ್ಲ; ಅಂದರೆ ಬ್ಯಾಡ್ಜು ತೆಗೆಸಿ ಕೆಲಸ ಮಾಡಿಸಿದ್ದರು. ಕೇಳಿದ್ದಕ್ಕೆ ಮೇಲ್ವಿಚಾರಕ, "ಒಗೆಯೋದು ನಿನ್ನ ಕೆಲಸ ನೊರೀನ್, ಓದೋದು ನಮ್ಮದು," ಎಂದನಂತೆ. ನೊರೀನ್ ಓದಿದರು. ತಾರೀಖು, ಅಂಗಿಯ ಸಂಖ್ಯೆ ಎಲ್ಲವನ್ನೂ ಆರು ವರ್ಷ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು.

ಕೊನೆಗೊಂದು ದಿನ ಅದೇ ಕೊಠಡಿಯ ಕೊಳವೆ ಒಡೆದು ಹನ್ನೊಂದು ಜನರ ಮೈಮೇಲೆಲ್ಲ ಪುಡಿ ಸುರಿಯಿತು. ಯಾರಿಗೂ ಅಪಾಯವಿಲ್ಲ, ಬ್ಯಾಡ್ಜುಗಳೇ ಸಾಕ್ಷಿ ಎಂದಿತು ಕಂಪನಿ. ಅವತ್ತೂ ಬ್ಯಾಡ್ಜುಗಳು ಕಚೇರಿಯ ಡ್ರಾಯರಿನಲ್ಲಿದ್ದವು.

ನೋಟ್‌ಬುಕ್ಕನ್ನು ವಿಚಾರಣೆಯಲ್ಲಿ ಮುಂದಿಟ್ಟದ್ದು ಕಚೇರಿಯ ಗುಮಾಸ್ತೆ, ನೊರೀನ್ ಅವರ ಗೆಳತಿ ಗ್ಲೆನಿಸ್ ಪಾರ್ಫಿಟ್. ಕಂಪನಿ ತಪ್ಪೊಪ್ಪಿಕೊಂಡಿತು, ಹನ್ನೊಂದು ಮಂದಿಗೂ ಜೀವನಪರ್ಯಂತ ವೈದ್ಯಕೀಯ ತಪಾಸಣೆ ಸಿಕ್ಕಿತು. ಗ್ಲೆನಿಸ್‌ಗೆ ಪದಕ ಸಿಕ್ಕಿತು. ಗ್ರಂಥಾಲಯದ ಕಿಟಕಿಯಲ್ಲಿ ಅವರ ದೊಡ್ಡ ಫೋಟೊ ಇದೆ. ಅದು ಕಣ್ಣಿಗೆ ಬೀಳದಿರಲೆಂದು ನೊರೀನ್ ಅಂಗಡಿಗೆ ಸುತ್ತು ಬಳಸಿ ಹೋಗುತ್ತಾರೆ.

"ಹೊಟ್ಟೆ ಉರಿಯುತ್ತೆ. ಸುಳ್ಳು ಯಾಕೆ ಹೇಳ್ಲಿ? ಟೀವೀಲಿ ಅವಳು ‘ಒಗೆಯೋ ಕೋಣೇಲಿ ಸಿಕ್ಕಿದ ಪುಸ್ತಕ’ ಅಂದ್ಳು. ಸಿಕ್ಕಿತಂತೆ, ಮಳೆಗೆ ಅಣಬೆ ಸಿಕ್ಕಿದ ಹಾಗೆ."

ಯಂತ್ರ ನಿಲ್ಲುತ್ತದೆ. ಒದ್ದೆ ಬಟ್ಟೆ ಎಳೆಯುತ್ತ ನೊರೀನ್ ಉಳಿದದ್ದನ್ನೂ ಹೇಳುತ್ತಾರೆ. ಗಂಡ ಬ್ಯಾರಿ ಆಗ ಗಣಿಯ ಲಾರಿ ಓಡಿಸುತ್ತಿದ್ದರು. ಇದ್ದ ಮನೆ ಕಂಪನಿಯದು. "ಪುಸ್ತಕ ಕೊಟ್ಟು, ನನ್ ಹೆಸರು ಹೇಳ್ಬೇಡ ಕಣೇ ಅಂತ ಅವಳ ಕೈ ಹಿಡ್ಕೊಂಡು ಬೇಡಿದ್ದು ನಾನೇ. ಕಂಪನಿ ವಕೀಲರು ಅವಳನ್ನ ಎರಡು ದಿನ ಹಿಂಡಿದ್ರು, ಬಾಯಿ ಬಿಡ್ಲಿಲ್ಲ. ಅವಳ ಕೆಲಸಾನೇ ಹೋಯ್ತು. ಅಷ್ಟು ಒಳ್ಳೆಯವಳಾಗದೆ ಇದ್ದಿದ್ರೆ ನೆಮ್ಮದಿಯಾಗಿ ಬೈಕೋಬಹುದಿತ್ತು."

ಈಗ ಬ್ಯಾರಿ ನಿವೃತ್ತರು, ಮನೆ ಸ್ವಂತದ್ದು. ಹೋದ ತಿಂಗಳು ಗ್ಲೆನಿಸ್ ಬಂದು ಕೇಳಿದರಂತೆ: "ಈಗಲಾದ್ರೂ ನಿನ್ನ ಹೆಸರು ಹೇಳ್ಬಿಡ್ಲಾ ಮಾರಾಯ್ತಿ? ಈ ಗುಟ್ಟು ಹೊತ್ತು ಹೊತ್ತು ಸಾಕಾಗಿದೆ."

"ನೀನ್ಯಾಕೆ? ನಂಗೂ ಬಾಯಿದೆ," ಎಂದರಂತೆ ನೊರೀನ್.

ಈ ವರದಿಯಲ್ಲಿ ನಿಮ್ಮ ಹೆಸರು ಹಾಕಿ ಬರೆಯಬಹುದೇ ಎಂದು ಕೇಳಿದರೆ ಕೈ ಒರೆಸಿಕೊಳ್ಳುತ್ತಾರೆ.

"ಬರೀರಿ. ಆದ್ರೆ ಅವಳ ಹೆಸರಿಗಿಂತ ನನ್ನ ಹೆಸರು ಮೊದಲು ಬರ್ಲಿ. ಒಂದೇ ಸಾಲು ಮುಂದೆ ಇದ್ರೂ ಸಾಕು."