ಸಾವಕ್ಕನ ಬಿಳಿ ಸಾಬೂನು

ಸಾವಕ್ಕನ ಬಗ್ಗೆ ಬರೆಯಲು ಚಿಕ್ಕೋಡಿಯಲ್ಲಿ ನನಗಿಂತ ಯೋಗ್ಯರು ಬೇಕಾದಷ್ಟು ಜನ ಇದ್ದಾರು. ಆದರೆ ಅವಳಿಗೆ ಅನ್ಯಾಯ ಮಾಡಿದವಳು ನಾನು, ಹಾಗಾಗಿ ಬರೆಯುವ ಪಾಳಿಯೂ ನನ್ನದೇ. ನನ್ನ ಹೆಸರು ಕುಸುಮ. ನಮ್ಮದು ಬಸದಿ ಓಣಿಯ ಜೈನ ಮನೆ, ಕಾಳುಕಡಿ ವ್ಯಾಪಾರ. ಸಾವಕ್ಕ ರಾಯಬಾಗ ಕಡೆಯ ಅಲಖನೂರಿನವಳು. ಗಂಡ ಕಾಡಸಿದ್ದ ಕುರಿಹಿಂಡು ಹೊಡೆದುಕೊಂಡು ವರ್ಷದಲ್ಲಿ ಎಂಟು ತಿಂಗಳು ಊರೂರು ಅಲೆಯುತ್ತಿದ್ದ. ಇವಳು ಚಿಕ್ಕೋಡಿಯ ಹೊರಗೆ ತಗಡಿನ ಶೆಡ್ ಹಾಕಿಕೊಂಡು ಹನ್ನೆರಡು ಆಡು ಸಾಕಿದ್ದಳು. ದಿನಾ ಬೆಳಿಗ್ಗೆ ನಮ್ಮ ಓಣಿಗೆ ಆಡಿನ ಹಾಲು ತರುತ್ತಿದ್ದಳು. ಸಣ್ಣ ಕೂಸುಗಳಿಗೆ, ಹೊಟ್ಟೆ ಕೆಟ್ಟ ಮುದುಕರಿಗೆ ಅದೇ ಆಗಬೇಕಿತ್ತು. ಮಾತು ಕಡಿಮೆ, ಕೆಲಸ ಚೊಕ್ಕ.

ಎಂಬತ್ತೆಂಟರಲ್ಲಿ ನಾನು ಮಹಿಳಾ ಮಂಡಳದ ತರಬೇತಿಗೆ ಹೋಗಿ ಒಲೆ ಹಚ್ಚದೆ ಸಾಬೂನು ಮಾಡುವುದನ್ನು ಕಲಿತೆ. ಕಾಸ್ಟಿಕ್ ಸೋಡಾ ನೀರಿನಲ್ಲಿ ಕರಗಿಸಿ, ಅದು ತಣಿದ ಮೇಲೆ ಕೊಬ್ಬರಿ ಎಣ್ಣೆ, ಕುಸುಬಿ ಎಣ್ಣೆಗೆ ಬೆರೆಸಿ, ಗಟ್ಟಿಯಾಗುವ ತನಕ ತಿರುವಿ ಅಚ್ಚಿಗೆ ಹಾಕುವುದು. ಆಮೇಲೆ ಕತ್ತರಿಸಿ ಒಂದು ತಿಂಗಳು ಒಣಗಿಸುವುದು. ಅಂಗಡಿಯ ಸಾಬೂನಿನಲ್ಲಿ ಪ್ರಾಣಿಗಳ ಚರ್ಬಿ ಇರುತ್ತದೆ ಎಂಬ ಹೆದರಿಕೆ ಆಗ ನಮ್ಮ ಓಣಿಯ ಮನೆಮನೆಗೂ ಇತ್ತು, ಹಾಗಾಗಿ ನನ್ನ ಸಾಬೂನಿಗೆ ಬಲು ಗಿರಾಕಿ. ಆದರೆ ಅದು ಮೈ ಬಿರಿಯುವಂತೆ ಮಾಡುತ್ತಿತ್ತು. ನೀರು ಬಿಟ್ಟು ಆಡಿನ ಹಾಲು ಹಾಕಿ ನೋಡಿರಿ ಎಂದವಳು ಸಾವಕ್ಕ. ಹಾಕಿದೆವು. ಸೋಡಾ ಬಿದ್ದೊಡನೆ ಹಾಲು ಕುದಿದಂತಾಗಿ ಒಡೆದುಹೋಯಿತು. ನಾನು ಕೈಬಿಟ್ಟೆ, ಅವಳು ಬಿಡಲಿಲ್ಲ. ಐಸ್‌ಕ್ಯಾಂಡಿ ಮಾಡುವವರಿಂದ ಬರ್ಫ ತಂದಳು, ಅದಕ್ಕೆ ಉಪ್ಪು ಸುರಿದಳು, ಹಾಲಿನ ಪಾತ್ರೆಯನ್ನು ಅದರಲ್ಲಿ ಹೂತಿಟ್ಟಳು. ಹಾಲು ಅರ್ಧ ಗಡ್ಡೆ ಕಟ್ಟಿದ ಮೇಲೆ ಒಂದೊಂದೇ ಚಮಚ ಸೋಡಾ ಉದುರಿಸಿ ತಿರುವಿದಳು. ಪಾತ್ರೆ ಬೆಚ್ಚಗಾದರೆ ಕೈ ತಡೆಯುತ್ತಿದ್ದಳು. ಒಂದು ತಾಸು ಹಿಡಿಯಿತು. ಸಾಬೂನು ಹಸಿ ಕೊಬ್ಬರಿಯಷ್ಟು ಬೆಳ್ಳಗೆ ಬಂತು. ಇಡೀ ಓಣಿ ಅದನ್ನು ಕುಸುಮಾನ ಸಾಬೂನು ಎಂದು ಕರೆಯಿತು, ನಾನು ತಿದ್ದಲಿಲ್ಲ.

ತೊಂಬತ್ತರಲ್ಲಿ ದಶಲಕ್ಷಣ ಪರ್ವಕ್ಕೆ ಎಲ್ಲರಿಗೂ ಹೊಸ ಸಾಬೂನು ಬೇಕಾಯಿತು. ಹತ್ತು ದಿನ ವ್ರತ ಹಿಡಿಯುವವರು, ಮೈಗೆ ಹಚ್ಚುವುದೂ ಶುದ್ಧ ಇರಬೇಕಲ್ಲ. ಒಂದು ತಿಂಗಳು ಮೊದಲು, ಒಂದು ಮಧ್ಯಾಹ್ನ ಸಾವಕ್ಕ ಹಾಲನ್ನು ಬರ್ಫದಲ್ಲಿಟ್ಟಳು. ಅವಳ ಒಂದು ಆಡು ಅಂದೇ ಈಯುವುದರಲ್ಲಿತ್ತು. ನೋಡಿ ಬರುತ್ತೇನೆ, ನಾನು ಬರುವ ತನಕ ಸೋಡಾ ಮುಟ್ಟಬೇಡಿ ಎಂದು ಹೇಳಿ ಹೋದಳು.

ಅವಳು ಬರಲಿಲ್ಲ. ಮೋಡ ಕವಿದು ಹೊತ್ತು ಎಷ್ಟಾಯಿತೆಂದೇ ತಿಳಿಯದು. ಚಾತುರ್ಮಾಸದಲ್ಲಿ ಸೂರ್ಯ ಮುಳುಗಿದ ಮೇಲೆ ನನಗೆ ಊಟವಿಲ್ಲ. ಊಟ ಮೊದಲು ಮುಗಿಸಿ ದೀಪದಲ್ಲಿ ಸಾಬೂನು ಮಾಡೋಣವೆಂದರೆ ಮಳೆಗಾಲದ ಹುಳ ದೀಪಕ್ಕೆ ಬಂದು ಸೋಡಾದಲ್ಲಿ ಬಿದ್ದು ಸಾಯುತ್ತವೆ, ಆ ಪಾಪ ಬೇರೆ. ಬರ್ಫವೂ ಕರಗುತ್ತಿತ್ತು. ಚಮಚ ಹಿಡಿದು ಕೂಡುವ ವ್ಯವಧಾನ ನನಗೆಲ್ಲಿ? ಅಷ್ಟೂ ಸೋಡಾವನ್ನು ಒಮ್ಮೆಲೇ ಸುರಿದೆ. ಹಾಲು ಬುಸುಗುಟ್ಟಿ ಕಂದಾಯಿತು, ಗರಣೆಗಟ್ಟಿತು, ಕೂದಲು ಸುಟ್ಟಂಥ ವಾಸನೆ ಎದ್ದಿತು. ಎಣ್ಣೆ ಹಾಳಾದರೆ ಅತ್ತೆ ಬಿಟ್ಟಾರೇ? ಹಾಗೇ ತಿರುವಿ ಅಚ್ಚಿಗೆ ಹಾಕಿದೆ. ಕೈ ತೊಳೆದು, ಹೊತ್ತಿಗೆ ಸರಿಯಾಗಿ ಉಂಡೆ. ಹುಳಗಳ ಜೀವ ಉಳಿಸಿದೆನೆಂದು ಸಮಾಧಾನವೂ ಪಟ್ಟೆ. ಮರುದಿನ ಸಾವಕ್ಕ ಕೇಳಿದಾಗ, ನೀ ಹೇಳಿದಂತೆ ನಿಧಾನವಾಗಿಯೇ ಹಾಕಿದೆ ಎಂದೆ.

ಪರ್ವಕ್ಕೆ ಎರಡು ದಿನ ಇರುವಾಗ ಸಾಬೂನು ಹಂಚಿದೆ. ಓಣಿಯ ಹಿರಿಯರಾದ ಅಕ್ಕುತಾಯಿ ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಬಣ್ಣ ಕಂದು, ನಡುನಡುವೆ ಬಿಳಿ ಗಂಟು, ಒದ್ದೆ ಮಾಡಿದರೆ ನಾತ. ಇದರಲ್ಲಿ ಚರ್ಬಿ ಇದೆ ಎಂದುಬಿಟ್ಟರು. ಹೆಂಗಸರೆಲ್ಲ ಸೇರಿದರು. ಸಾಬೂನಿಗೆ ಹಾಕಿದ ಹಾಲು ಯಾರದೆಂದು ಎಲ್ಲರಿಗೂ ಗೊತ್ತಿತ್ತು, ಅಷ್ಟರಲ್ಲಿ ಹಾಲು ತಂದ ಸಾವಕ್ಕ ನಡುವೆ ಸಿಕ್ಕಳು.

"ಖರೇ ಹೇಳ ಸಾವಕ್ಕ, ನೀ ಹಾಲು ತರೂ ಪಾತೇಲ್ಯಾಗ ಎಂದಾರ ಖಂಡ ಬೇಯ್ಸಿದ್ದಿ?" ಎಂದು ಅಕ್ಕುತಾಯಿ ಕೇಳಿದರು.

ಸಾವಕ್ಕ ಕೈಯಲ್ಲಿದ್ದ ಹಾಲಿನ ಪಾತ್ರೆಯನ್ನು ಒಮ್ಮೆ ನೋಡಿದಳು. "ಹ್ವಾದ ದಸರಾಕ ಒಮ್ಮಿ ಬೇಯ್ಸಿದ್ದೆನ್ರಿ. ಬೂದಿ ಹಚ್ಚಿ ಮೂರ ಸರತಿ ತಿಕ್ಕೀನ್ರಿ."

ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು. ಅವಳು ನನ್ನ ಮುಖ ನೋಡಿದಳು. ಚರ್ಬಿಯಲ್ಲ, ನಾನು ಹಾಲು ಸುಟ್ಟೆ ಎಂಬ ಒಂದು ಮಾತು ಸಾಕಿತ್ತು. ನಾನು ಸೆರಗು ಸರಿಪಡಿಸಿಕೊಂಡು ಒಳಗೆ ಹೋದೆ. ಅಂದಿನಿಂದ ಓಣಿಯಲ್ಲಿ ಅವಳ ಹಾಲನ್ನೂ ಯಾರೂ ಮುಟ್ಟಲಿಲ್ಲ. ದೀಪಾವಳಿಯೊಳಗೆ ಆಡುಗಳನ್ನು ಮಾರಿ ಅಲಖನೂರಿಗೆ ಹೋದಳಂತೆ. ಸಾಬೂನು ಮಾಡುವುದನ್ನು ನಾನೂ ಬಿಟ್ಟೆ, ಅವಳಿಲ್ಲದೆ ನನಗೆ ಬರುತ್ತಲೂ ಇರಲಿಲ್ಲ.

ಪರ್ವ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಾಣಿ. ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂದು ಕೈಮುಗಿದು ಮನೆಮನೆಗೆ ಹೋಗುತ್ತೇವೆ. ನಾನು ಯಾರಿಗೆ ಏನೂ ಮಾಡಿರಲಿಲ್ಲವೋ ಅವರ ಬಳಿಯೆಲ್ಲ ಹೋಗಿ ಕ್ಷಮೆ ಕೇಳಿದೆ. ಹೀಗೆ ಆರು ವರ್ಷ. ನೆನೆದರೆ ಈಗಲೂ ನೆಲ ಬಿರಿಯಬಾರದೇ ಅನಿಸುತ್ತದೆ.

ತೊಂಬತ್ತಾರರಲ್ಲಿ, ಕ್ಷಮಾವಾಣಿಯ ಹಿಂದಿನ ದಿನ, ಕಾಡಸಿದ್ದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ನನ್ನನ್ನು ಕಂಡು ನಗುತ್ತ ಬಂದು, ಸಾವಕ್ಕ ದಿನಾ ನಿಮ್ಮ ಹೆಸರು ತೆಗೆಯುತ್ತಾಳೆ, ಒಮ್ಮೆ ಬಂದುಹೋಗಿ ಎಂದ. ಬೈದಿದ್ದರೆ ತಪ್ಪಿಸಿಕೊಳ್ಳುತ್ತಿದ್ದೆನೇನೋ. ಆ ನಗುವನ್ನು ತಾಳಲಾಗದೆ ಅವನ ಜೊತೆಗೇ ಬಸ್ಸು ಹತ್ತಿದೆ.

ಕಬ್ಬಿನ ಹೊಲದ ಬದಿಗೆ ಅವರ ಮನೆ. ಸಾವಕ್ಕ ಮೆತ್ತಗಾಗಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಹೊಸ್ತಿಲಲ್ಲಿ ಕೂತು ನನ್ನ ಕಾಲು ಹಿಡಿದಳು.

"ನನ್ನ ಪಾತೇಲಿಯಿಂದ ನಿಮ್ಮ ವ್ರತ ಕೆಟ್ಟೂರಿ ಬಾಯಾರ. ಆರ ವರ್ಷಾತು, ನಿಮ್ಮ ಆ ಹತ್ತ ದಿನ ನಾನೂ ಒಪ್ಪತ್ತ ಉಣ್ಣತೇನ್ರಿ. ನನಗ ಕ್ಷಮಾ ಮಾಡ್ರಿ."

ಅವಳ ಪಕ್ಕದಲ್ಲೇ ನೆಲಕ್ಕೆ ಕೂತು ಎಲ್ಲ ಹೇಳಿದೆ. ಮೋಡ, ದೀಪದ ಹುಳ, ಒಮ್ಮೆಲೇ ಸುರಿದ ಸೋಡಾ, ಮರುದಿನ ಹೇಳಿದ ಸುಳ್ಳು. ಅವಳು ನನ್ನ ಕಾಲ ಮೇಲಿನ ಕೈಯನ್ನು ನಿಧಾನ ಹಿಂದಕ್ಕೆ ತೆಗೆದುಕೊಂಡಳು.

"ಇದನ್ನ ಓಣ್ಯಾಗ ಹೇಳೀರೇನ್ರಿ?"

ಇಲ್ಲ ಎಂದೆ.

"ನನ್ನ ಹೆಸರ ಕೆಟ್ಟಿದ್ದು ಅಲ್ಲೇರಿ. ಅಲ್ಲಿ ಹೇಳ್ರಿ," ಎಂದು ಎದ್ದು ಒಳಗೆ ಹೋದಳು. ಕ್ಷಮಿಸಿದೆ ಎನ್ನಲಿಲ್ಲ, ಕೇಳುವ ಮುಖ ನನಗೂ ಇರಲಿಲ್ಲ.

ಮರುದಿನ ಬಸದಿಯಲ್ಲಿ ಪೂಜೆ ಮುಗಿದು ಹೆಂಗಸರೆಲ್ಲ ಕೂತಿದ್ದಾಗ ಎದ್ದು ನಿಂತೆ. ಗಂಡ, ಅತ್ತೆ, ಮನೆತನದ ಮರ್ಯಾದೆ ಎಲ್ಲ ಇಂದು ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿ ಒಂದೂ ಬಿಡದೆ ಹೇಳಿದೆ. ಯಾರೂ ಬೈಯಲಿಲ್ಲ. ಒಬ್ಬರು, ಇಷ್ಟು ವರ್ಷದ ಮೇಲೆ ಸಾಬೂನಿನ ಮಾತು ಯಾಕೆ ಎಂದು ನಕ್ಕರು. ಅಕ್ಕುತಾಯಿ ಕಿವಿಗೆ ಕೈ ಹಚ್ಚಿ ಮುಂದಕ್ಕೆ ಬಾಗಿದರು.

"ಯಾವ ಸಾವಕ್ಕ?"

ಆಡಿನ ಹಾಲು ತರುತ್ತಿದ್ದವಳು ಎಂದೆ. ಹಾಲಿನವರು ಎಷ್ಟೋ ಮಂದಿ ಬಂದುಹೋದರು, ಯಾರಿಗೆ ನೆನಪು ಎಂದು ಅವರು ಬಾಳೆಹಣ್ಣು ಹಂಚತೊಡಗಿದರು. ಅವಳ ಅನ್ನ ಕಸಿದ ಆ ಮಾತು, ಆಡಿದವರಿಗೇ ನೆನಪಿರಲಿಲ್ಲ. ನಾನು ಕೂರಲಿಲ್ಲ. ಅಲಖನೂರಿನ ಕಾಡಸಿದ್ದನ ಹೆಂಡತಿ ಸಾವಕ್ಕ ಎಂದು, ಮೊದಲಿನಿಂದ ಮತ್ತೆ ಹೇಳತೊಡಗಿದೆ.